ಮಣ್ಣೊಳಗಿನ ಮಂತ್ರಿ

ಬೆಳ್ಳಟ್ಟಿಯ ಉಡಚವ್ವನ ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟುವ ಕಲ್ಲೊಂದಿತ್ತು. ಅದರ ಮೇಲರ್ಧದಲ್ಲಿ ಹಳಗನ್ನಡದ ಅಕ್ಷರ; ಕೆಳಗಿನರ್ಧ ನೆಲದೊಳಗೆ. ಧಾರವಾಡದಲ್ಲಿ ಎಂ.ಎ. ಮುಗಿಸಿದ ಮಗ ಅಂದಪ್ಪ ಮೇಲಿನದನ್ನು ಓದಿದ, ಕೆಳಗಿನದನ್ನು ಊಹಿಸಿದ. ಊರ ಗೌಡರ ಮೂಲಪುರುಷ ರಾಜನೊಬ್ಬನ ಮಂತ್ರಿಯಾಗಿದ್ದನೆಂದೂ, ಹೂತ ಭಾಗದಲ್ಲಿ ಹಾಗೆಂದೇ ಕೊರೆದಿದೆಯೆಂದೂ ಮಾಸಪತ್ರಿಕೆಗೆ ಬರೆದೇಬಿಟ್ಟ.

ಕನ್ನಡ ನಾಡು ಒಂದಾಗುವ ವರ್ಷ ಅದು. ಎಲ್ಲರಿಗೂ ಇತಿಹಾಸದ ಹುಚ್ಚು. ದೇವಪ್ಪಗೌಡರಂತೂ ಅಂದಿನಿಂದ ಮಂತ್ರಿಯ ಗತ್ತಿನಲ್ಲೇ ಕೆಮ್ಮತೊಡಗಿದರು.

ಅಂದಪ್ಪನಿಗೆ ಸಂಶೋಧನೆಯ ಕೆಲಸ ಕೊಡಬೇಕೋ ಬೇಡವೋ ಎಂದು ನೋಡಲು ಪ್ರೊಫೆಸರ್ ಮೈಲಾರಲಿಂಗಪ್ಪನವರೇ ಧಾರವಾಡದಿಂದ ಬಂದರು. "ಕೆಳಗಿನ ಅಕ್ಷರ ತೋರಸಪಾ," ಎಂದರು. ಉಡಚವ್ವ ಎಮ್ಮೆಯನ್ನು ಹೊರಗೆ ಬೇವಿನ ಮರಕ್ಕೆ ಕಟ್ಟಿದಳು. ಊರೆಲ್ಲ ನೆರೆಯಿತು. ಗೌಡರು ಹೊಸ ರುಮಾಲು ಸುತ್ತಿ ಬಂದರು.

ಅಂದಪ್ಪ ಗುಂಡಿಗಿಳಿದು ಅಗೆದ. ಮೊಣಕಾಲಾಳ ಹೋದರೂ ಕಲ್ಲು ಬೋಳು. ಕೊನೆಗೆ ಬುಡವೇ ಬಂತು. ಒಂದು ಗೀರೂ ಇರಲಿಲ್ಲ.

"ಏನಲೇ ಅಂದಪ್ಪಾ, ನಮ್ಮ ಮಂತ್ರಿ ಎಲ್ಲಿ ಹ್ವಾದಾ?" ಎಂದರು ಗೌಡರು.

"ಅಕ್ಷರ ಸವದಿರಬೇಕ್ರಿ..."

"ಮಳಿ ಗಾಳಿ ತಿಂದ ಮ್ಯಾಲಿನವು ನೆಟ್ಟಗ ಅದಾವ, ಮಣ್ಣಾಗಿನವು ಸವದುವೇನು?" ಪ್ರೊಫೆಸರರು ಕೇಳಿದರು.

"ಯಾರರ ಬೇಕಂತ ಅಳಿಸಿರಬೇಕ್ರಿ..."

"ಎಮ್ಮಿ ನೆಕ್ಕಿರಬೇಕು ತಗೀರಿ!" ಎಂದು ಗುಂಪಿನಲ್ಲಿ ಯಾರೋ ಅಂದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಉಡಚವ್ವನಿಗೆ ನಗು ಬರಲಿಲ್ಲ. ಮಗ ಚಿಕ್ಕವನಿದ್ದಾಗ ಎಡವಿ ಬಿದ್ದರೆ, ಹೊಸ್ತಿಲಿಗೆ ನಾಲ್ಕು ಬಡಿದು ಅವನನ್ನು ಸುಮ್ಮನಾಗಿಸಿದವಳು ಅವಳೇ. ಎಂ.ಎ. ಆದರೂ ಇವನು ಹೊಸ್ತಿಲನ್ನೇ ಬಡಿಯುತ್ತಿದ್ದಾನಲ್ಲ! ಹೀಗಾದರೆ ಕೈಗೆ ಬಂದ ಕೆಲಸ ಹೋದಂತೆಯೇ. ಗುಂಡಿಯ ಅಂಚಿಗೆ ಬಂದು ಮೆಲ್ಲಗೆ ಅಂದಳು: "ಕಲ್ಲಿಂದೇನೂ ತಪ್ಪಿಲ್ಲೋ ನನ್ನಪ್ಪಾ."

ಅಂದಪ್ಪ ಹಣೆಯ ಬೆವರು ಒರೆಸಿಕೊಂಡ; ಮಣ್ಣು ಮುಖಕ್ಕೆಲ್ಲ ಮೆತ್ತಿತು. "ತಪ್ಪು ನಂದ್ರಿ. ನೆಡಾಕಂತ ಬುಡ ಬೋಳ ಬಿಟ್ಟಾರ. ಕಾಣದ್ದನ್ನ ಕಂಡಂಗ ಬರದೆ."

"ಇದನ್ನ ಅದ ಪತ್ರಿಕಾದಾಗ ಬರೀತಿಯೇನು?" ಎಂದರು ಪ್ರೊಫೆಸರರು.

"ಬ್ಯಾಡೋ ತಮ್ಮಾ!" ಗೌಡರು ಹೌಹಾರಿದರು. "ಬೀಗರಿಗೆಲ್ಲಾ ಹೇಳಿ ಕುಂತೇನಿ!"

ಅಂದಪ್ಪ ಗೌಡರನ್ನು ನೋಡಿದ, ಅವ್ವನನ್ನು ನೋಡಿದ. "ಬರೀತೇನ್ರಿ."

"ಅಚ್ಚಾದ ಮ್ಯಾಲೆ ಕೆಲಸಕ್ಕ ಬಾ," ಎಂದರು ಪ್ರೊಫೆಸರರು.

ಗೌಡರು ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು. "ಉಡಚವ್ವಾ, ಬೀಗರಿಗೆ ಇನ್ನ ಏನ ಹೇಳಲಿ?"

"ನೀವ್ಯಾಕ ತ್ರಾಸ ತಗೋತೀರಿ ಗೌಡ್ರ," ಎಂದು ಉಡಚವ್ವ ಮಗನನ್ನು ಕೈಹಿಡಿದು ಮೇಲಕ್ಕೆಳೆದಳು. "ಅವರಿಗೂ ಒಂದೊಂದು ಪತ್ರಿಕಾ ಕಳಸ್ತಾನ."