ನಾಲ್ಕನೇ ವಾರದ ಹೆಂಗಸರು

ಶಶಾಂಕನ ತರಗತಿಯಲ್ಲಿ ಪ್ರಶ್ನೆ ಕೇಳುವವರು ಇರಲಿಲ್ಲ. ವಿಜಯವಾಡದ ಆ ಖಾಸಗಿ ಕಾಲೇಜಿನಲ್ಲಿ ಅವನು ನಾಲ್ಕು ವರ್ಷದಿಂದ ಅರ್ಥಶಾಸ್ತ್ರ ಕಲಿಸುತ್ತಿದ್ದ. ಅಷ್ಟೂ ವರ್ಷ ಅವನಿಗೆ ಬಂದ ಪ್ರಶ್ನೆ ಒಂದೇ: "ಸರ್, ಇದು ಎಷ್ಟು ಮಾರ್ಕಿಗೆ ಬರುತ್ತೆ?"

ಹುಡುಗರು ದಡ್ಡರಲ್ಲ. ಆರನೇ ತರಗತಿಯಿಂದ ಹಾಸ್ಟೆಲಿನಲ್ಲಿದ್ದು, ಬೆಳಿಗ್ಗೆ ಐದಕ್ಕೆ ಎದ್ದು, ಉತ್ತರ ಬಾಯಿಪಾಠ ಮಾಡಿ ಬೆಳೆದವರು. ಪ್ರಶ್ನೆ ಎನ್ನುವುದು ಅಚ್ಚಾಗಿ ಕವರಿನಲ್ಲಿ ಬರುತ್ತದೆ ಎಂದು ತಿಳಿದಿದ್ದರು. ಅದನ್ನು ತಾವೇ ಮಾಡಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಶಶಾಂಕನೂ ಹೇಳಿರಲಿಲ್ಲ. ಪೋರ್ಷನ್ ಮುಗಿಸುವುದೇ ಕಷ್ಟವಿತ್ತು.

ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಫೆಬ್ರವರಿಯಲ್ಲಿ ಶಶಾಂಕನಿಗೆ ಆಯಿತು.

ಫಿನ್‌ಲೆಂಡಿನ ಒಂದು ವಿಶ್ವವಿದ್ಯಾಲಯ ಒಂದು ವರ್ಷದ ಮಟ್ಟಿಗೆ ಸಂದರ್ಶಕ ವಿದ್ವಾಂಸರನ್ನು ಕರೆದಿತ್ತು. ಎರಡು ಕೋರ್ಸು ಪಾಠ, ಉಳಿದ ಹೊತ್ತು ಸಂಶೋಧನೆ. ವಿಶಾಖಪಟ್ಟಣದ ಹತ್ತಿರದ ಅಚ್ಯುತಾಪುರಂ ಕಾರ್ಖಾನೆಗಳ ಹೆಣ್ಣು ಕಾರ್ಮಿಕರ ಬಗ್ಗೆ ಅವನು ಬರೆದ ಪ್ರಬಂಧ ಓದಿ ಅವನನ್ನು ಕೊನೆಯ ಮೂವರಲ್ಲಿ ಸೇರಿಸಿದ್ದರು. ಇನ್ನೊಂದೇ ಬಾಕಿ. ಆ ಪ್ರಬಂಧವನ್ನೇ ತನ್ನ ವಿದ್ಯಾರ್ಥಿಗಳಿಗೆ ಪಾಠ ಮಾಡಿ, ನಲವತ್ತು ನಿಮಿಷದ ವಿಡಿಯೊ ಕಳಿಸಬೇಕು. ಕತ್ತರಿ ಹಾಕಬಾರದು. ವಿದ್ಯಾರ್ಥಿಗಳು ಮಾತಾಡುವುದು ಕಾಣಬೇಕು. ಭಾನುವಾರ ಕೊನೆಯ ದಿನ. ಪಿಎಚ್‌ಡಿ ಮುಗಿದು ಐದು ವರ್ಷ ದಾಟಿದವರಿಗೆ ಇಂಥ ಅವಕಾಶಗಳಿಲ್ಲ. ಅವನಿಗೆ ಜೂನ್‌ಗೆ ಐದು ತುಂಬುತ್ತಿತ್ತು. ಹಿಂದೆ ಎರಡು ಸಲ ಬೇರೆ ಕಡೆ ಅರ್ಜಿ ಹಾಕಿ ಸೋತಿದ್ದ. ಇದು ತಪ್ಪಿದರೆ ಮತ್ತೆ ಇರಲಿಲ್ಲ.

ಅವ್ವನಿಗೆ ಫೋನಿನಲ್ಲಿ ಹೇಳಿದ. ಅಪ್ಪ ಶಂಕರಪ್ಪ ಬ್ಯಾಂಕಿನಲ್ಲಿ ಮ್ಯಾನೇಜರ್. ರಾಣೆಬೆನ್ನೂರಿನಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದು ಹತ್ತು ವರ್ಷವಾಗಿತ್ತು. ಗಾಜುವಾಕದಲ್ಲಿ ಬಾಡಿಗೆ ಮನೆ. ಅವ್ವ ಕಮಲಾ ತರಕಾರಿಯವಳ ಹತ್ತಿರ ತೆಲುಗಿನಲ್ಲಿ ಜಗಳವಾಡುವಷ್ಟು ಪಳಗಿದ್ದರೂ ಮನೆಯೊಳಗೆ ರಾಣೆಬೆನ್ನೂರನ್ನು ಬಿಟ್ಟಿರಲಿಲ್ಲ.

"ಹುಡುಗ್ರು ಮಾತಾಡೂದು ಯಾಕ ಬೇಕಂತ ಅವ್ರಿಗೆ? ಮಾಸ್ತರು ಮಾತಾಡ್ಬೇಕಲ್ಲ?"

"ಅಲ್ಲಿ ಹಂಗಬೇ. ಕುಂತಲ್ಲೇ ಮಾತಾಡ್ತಾರಂತ. ಮಧ್ಯಾಹ್ನದ ಕ್ಲಾಸಿನ್ಯಾಗ ಗಜ್ಜರಿ ತಿಂತಾರಂತ, ಆಫೀಸಿನವ್ರು ಮೊದಲ ಬರದು ತಿಳಿಸ್ಯಾರ."

"ಹಸೀ ಗಜ್ಜರೀನ?"

"ಹೂಂ, ಹಸೀ ಕ್ಯಾರೆಟ್."

"ಮಾಸ್ತರಿಗೂ ಕೊಡ್ತಾರೇನ್ ಕೇಳು," ಎಂದು ಅವ್ವ ಫೋನಿಟ್ಟರು.

ವಿಭಾಗದ ಮುಖ್ಯಸ್ಥರು ದಕ್ಷಿಣಾಮೂರ್ತಿ. ತಂದೆ ವಿಜಯವಾಡದವರು, ತಾಯಿ ಬಳ್ಳಾರಿಯವರು. ತಾಯಿ ತೀರಿಹೋದ ಮೇಲೆ ಕನ್ನಡ ಆಡಲು ಯಾರೂ ಇಲ್ಲದೆ, ಶಶಾಂಕ ಕೆಲಸಕ್ಕೆ ಸೇರಿದ ದಿನದಿಂದ ತೆಲುಗು ಬೆರೆತ ತಮ್ಮ ಕನ್ನಡವನ್ನು ಅವನ ಮೇಲೆಯೇ ಆಡುತ್ತಿದ್ದರು.

"ಶಶಾಂಕ್ ಗಾರೂ, ನೀವು ಟೆನ್ಷನ್ ಪಡಬೇಡಿ. ಪ್ರಶ್ನೆ ಬೇಕು, ಅಷ್ಟೇ ಕದಾ? ನಾನು ಕೊಡಿಸ್ತೀನಿ."

"ಅವರಾಗಿ ಕೇಳಬೇಕು ಸರ್."

"ಅವರೇ ಕೇಳ್ತಾರಂಡೀ. ನಾವು ಬರೆದು ಕೊಡ್ತೀವಿ, ಅವರು ಕೇಳ್ತಾರೆ. ಇನ್‌ಸ್ಪೆಕ್ಷನ್ ಬಂದಾಗ ಏನು ಮಾಡಿದ್ವಿ?"

ಶಶಾಂಕ ಒಪ್ಪಿದ. ಬೇರೆ ದಾರಿ ಕಾಣಲಿಲ್ಲ. ದಕ್ಷಿಣಾಮೂರ್ತಿಯವರು ಹತ್ತು ಪ್ರಶ್ನೆ ಬರೆದು ಜೆರಾಕ್ಸ್ ಮಾಡಿಸಿ ಹಂಚಿದರು. ವಿಡಿಯೊ ತೆಗೆಯಲು ಗವರ್ನರ್‌ಪೇಟೆಯಿಂದ ಸಾಯಿಕಿರಣ್ ಬಂದ. ಅವನದು ಮದುವೆ ವಿಡಿಯೊ ತೆಗೆಯುವ ಸ್ಟುಡಿಯೊ. ಪಾಠದ ವಿಡಿಯೊ ಇದೇ ಮೊದಲು.

"ಸರ್, ಬಾಗಿಲಿಂದ ಒಳಗೆ ಬರೋದನ್ನ ಸ್ಲೋ ಮೋಷನ್‌ನಲ್ಲಿ ತೆಗೀಲಾ?"

"ಬೇಡ."

"ಕೊನೆಗೆ ಮೇಲಿಂದ ಹೂವು ಬೀಳೋ ಹಾಗೆ?"

"ಏನೂ ಬೀಳಬಾರದು."

"ಹೋಗಲಿ, ಮುಖಕ್ಕೆ ಸ್ವಲ್ಪ ಪೌಡರ್ ಆದರೂ ಹಾಕ್ಕೊಳಿ ಸರ್. ಫಾರಿನ್ನವರು ನೋಡೋದು."

ಬುಧವಾರ ಬೆಳಿಗ್ಗೆ ಮೊದಲ ಪ್ರಯತ್ನ. ಶಶಾಂಕ ಒಳಗೆ ಬಂದ. ನಲವತ್ತೆರಡು ಮಂದಿ ಒಟ್ಟಿಗೆ ಎದ್ದು "ಗುಡ್ ಮಾರ್ನಿಂಗ್ ಸರ್" ಎಂದು ಎಳೆದರು. ಅವನು ಬೋರ್ಡಿನ ಮೇಲೆ ಶೀರ್ಷಿಕೆ ಬರೆದು ತಿರುಗುವಷ್ಟರಲ್ಲಿ ಮುಂದಿನ ಬೆಂಚಿನ ಹುಡುಗ ಎದ್ದು ನಿಂತಿದ್ದ.

"ಸರ್, ರೋಲ್ ನಂಬರ್ ಒಂದು. ಕಾರ್ಮಿಕರ ಚಲನೆಗೆ ಕಾರಣಗಳೇನು? ಥ್ಯಾಂಕ್ಯೂ ಸರ್."

ಕೂತ. ಎರಡನೆಯವಳು ಎದ್ದಳು. ಮೂರನೆಯವನು ಎದ್ದ. ಯಾರೂ ಉತ್ತರಕ್ಕೆ ಕಾಯಲಿಲ್ಲ. ನಾಲ್ಕನೆಯವನು ಬಂದಿರಲಿಲ್ಲ. ಐದನೆಯವಳು ಎದ್ದು ಒಂದು ಕ್ಷಣ ಯೋಚಿಸಿ, "ಸರ್, ರೋಲ್ ನಂಬರ್ ನಾಲ್ಕು ಆಬ್ಸೆಂಟ್. ಅವನ ಪ್ರಶ್ನೆಯನ್ನೂ ನಾನೇ ಕೇಳಲಾ?" ಎಂದಳು. ಆ ದಿನ ಯಾರೂ ಬರೆದುಕೊಡದೆ ಬಂದ ಪ್ರಶ್ನೆ ಅದೊಂದೇ.

ಏಳು ನಿಮಿಷದಲ್ಲಿ ಹತ್ತೂ ಪ್ರಶ್ನೆ ಮುಗಿದವು. ಉಳಿದ ಮೂವತ್ತಮೂರು ನಿಮಿಷ ಶಶಾಂಕ ಒಬ್ಬನೇ ಮಾತಾಡಿದ.

"ಸೂಪರ್ ಬಂದಿದೆ," ಎಂದರು ದಕ್ಷಿಣಾಮೂರ್ತಿ, ಸ್ಟಾಫ್ ರೂಮಿನಲ್ಲಿ ನೋಡಿ. "ಎಷ್ಟು ಡಿಸಿಪ್ಲಿನ್!"

"ಸರ್, ಇದು ಹಾಜರಿ ಕರೆದ ಹಾಗಿದೆ."

"ಆ ಬಿಳೀ ಜನಕ್ಕೆ ರೋಲ್ ನಂಬರ್ ಅಂದ್ರೆ ಏನು ಗೊತ್ತಂಡೀ? ಕಳಿಸಿಬಿಡಿ."

ಶಶಾಂಕ ಕಳಿಸಲಿಲ್ಲ. ಗುರುವಾರ ಸಾಯಿಕಿರಣ್‌ನನ್ನು ಮತ್ತೆ ಕರೆಸಿದ. ತರಗತಿಗೆ ಹೋದವನೇ ಹಾಳೆಗಳನ್ನೆಲ್ಲ ವಾಪಸ್ ಇಸಿದುಕೊಂಡ.

"ಇವತ್ತು ಯಾರೂ ಏಳಬೇಡಿ. ನಂಬರ್ ಹೇಳಬೇಡಿ. ಈ ಪ್ರಬಂಧ ಬರೆದವನು ನಾನು. ಇದರಲ್ಲಿ ತಪ್ಪು ಹುಡುಕಿ."

ಯಾರೂ ಹುಡುಕಲಿಲ್ಲ. ಹದಿನೈದು ನಿಮಿಷ ಅವನ ಪಾಠದ ಜೊತೆ ಫ್ಯಾನಿನ ಸದ್ದು ಮಾತ್ರ ಸ್ಪಷ್ಟವಾಗಿ ರೆಕಾರ್ಡ್ ಆಯಿತು. ಶಶಾಂಕ ಪಾಠ ಮುಂದುವರಿಸಿದ. ಹೋದ ವರ್ಷ ರಜೆ ಹಾಕಿ, ಅಚ್ಯುತಾಪುರಂಗೆ ಹೋಗುವ ದಾರಿಯ ಒಂದು ಜಂಕ್ಷನ್ನಿನಲ್ಲಿ ಎಂಟು ವಾರ ನಿಂತು, ಬೆಳಗಿನ ಶಿಫ್ಟಿಗೆ ಕಂಪನಿ ಬಸ್ಸು ಹತ್ತುವ ಹೆಂಗಸರನ್ನು ಎಣಿಸಿದ್ದ. ಗ್ರಾಫನ್ನು ಪರದೆಯ ಮೇಲೆ ಹಾಕಿದ. ಮೊದಲ ಮೂರು ವಾರ ದಿನಕ್ಕೆ ಸರಾಸರಿ ಇನ್ನೂರ ಹನ್ನೆರಡು. ನಾಲ್ಕನೇ ವಾರ ಒಮ್ಮೆಲೇ ನೂರ ಹದಿನೆಂಟು. ಆಮೇಲೆ ಏರಲೇ ಇಲ್ಲ.

"ಇದು ಜುಲೈ ತಿಂಗಳು. ನಾಟಿ ಶುರುವಾಗುವ ಹೊತ್ತು. ಅಂದರೆ, ಕಾರ್ಖಾನೆ ಸೇರಿದ ಹೆಣ್ಣುಮಕ್ಕಳು ಪೂರ್ತಿಯಾಗಿ ಕಾರ್ಖಾನೆಯವರಾಗುವುದಿಲ್ಲ. ಗದ್ದೆ ಕರೆದಾಗ ಮರಳುತ್ತಾರೆ. ಈ ಪ್ರಬಂಧದ ಮುಖ್ಯ ವಾದ ಇದೇ."

ಹಿಂದಿನ ಬೆಂಚಿನಲ್ಲಿ ಸಾಯಿಪ್ರಿಯಾ ಎಂಬ ಹುಡುಗಿ ಕೈ ಎತ್ತಿದಳು. ಎತ್ತಿದ ಮೇಲೆ ಇಳಿಸಿದಳು. ಮತ್ತೆ ಎತ್ತಿದಳು. ಅಭ್ಯಾಸಬಲದಿಂದ ಎದ್ದೂ ನಿಂತಳು.

"ಕೂತೇ ಮಾತಾಡು."

"ಸರ್, ನೀವು ನಿಂತಿದ್ದು ಟೀ ಅಂಗಡಿ ಇರೋ ಜಂಕ್ಷನ್ನಾ?"

"ಹೌದು."

"ನೀಲಿ ಶರ್ಟು, ದಪ್ಪ ನೋಟ್‌ಬುಕ್ಕು?"

ತರಗತಿ ಹಿಂದಕ್ಕೆ ತಿರುಗಿ ನೋಡಿತು. ಶಶಾಂಕ ತಲೆಯಾಡಿಸಿದ.

"ನಾಲ್ಕನೇ ವಾರದಿಂದ ಕೊರಳಿಗೆ ಟ್ಯಾಗ್ ಹಾಕ್ಕೊಂಡ್ರಾ ಸರ್?"

ಶಶಾಂಕ ಪರದೆಯ ಮೇಲಿನ ಗ್ರಾಫಿನ ಕಡೆ ತಿರುಗಿದ. ಹಾಕಿಕೊಂಡಿದ್ದ. ಫೀಲ್ಡ್‌ಗೆ ಹೋಗುವಾಗ ಗುರುತಿನ ಚೀಟಿ ಕಡ್ಡಾಯ ಎಂದು ವಿಭಾಗದಿಂದ ಪತ್ರ ಬಂದದ್ದು ಮೂರನೇ ವಾರದ ಕೊನೆಗೆ.

"ನಮ್ಮಮ್ಮ ಅದೇ ಬಸ್ಸಿಗೆ ಹೋಗೋದು ಸರ್. ಕಾಂಟ್ರಾಕ್ಟ್‌ನವರ ಹೆಸರು ಬಸ್ಸಿನ ಲಿಸ್ಟಲ್ಲಿ ಇರಲ್ಲ. ಡ್ರೈವರ್ ಸುಮ್ಮನೆ ಹತ್ತಿಸಿಕೊಳ್ತಾನೆ. ಟ್ಯಾಗ್ ನೋಡಿ ನಿಮ್ಮನ್ನ ಕಂಪನಿ ಇನ್‌ಸ್ಪೆಕ್ಟರ್ ಅಂದ್ಕೊಂಡು, ಕಾಂಟ್ರಾಕ್ಟ್‌ನವರೆಲ್ಲ ಮುಂದಿನ ಸ್ಟಾಪಿಗೆ ನಡೆದು ಹೋಗಿ ಹತ್ತುತ್ತಿದ್ದರು. ಯಾರೂ ಕೆಲಸ ಬಿಟ್ಟಿರಲಿಲ್ಲ ಸರ್."

ಮೊದಲು ನಕ್ಕವನು ಸಾಯಿಕಿರಣ್. ಕ್ಯಾಮೆರಾ ಅಲ್ಲಾಡಿತು. ಆಮೇಲೆ ಇಡೀ ತರಗತಿ ನಕ್ಕಿತು. ಶಶಾಂಕನೂ ನಕ್ಕ, ನಗದೆ ನಿಲ್ಲುವುದು ಇನ್ನೂ ಕಷ್ಟವಾಗಿತ್ತು.

ನಂತರದ ಇಪ್ಪತ್ತು ನಿಮಿಷ ಅವನ ಕೈಯಲ್ಲಿ ಇರಲಿಲ್ಲ.

"ಹಂಗಾದ್ರೆ ಬಸ್ಸಿನ ಒಳಗೆ ಎಣಿಸಬೇಕಿತ್ತು ಸರ್!"

"ಒಳಗೆ ಟ್ಯಾಗ್ ಹಾಕ್ಕೊಂಡು ಕೂತರೆ ಬಸ್ಸೇ ಖಾಲಿ ಆಗುತ್ತೆ ಕಣೋ!"

"ಗೇಟಲ್ಲಿ ಪಂಚಿಂಗ್ ಇರುತ್ತಲ್ಲ, ಅದನ್ನ ಕೇಳಬಾರದಿತ್ತಾ?"

"ಕಾಂಟ್ರಾಕ್ಟ್‌ನವರಿಗೆ ಪಂಚಿಂಗ್ ಎಲ್ಲಿದೆ? ನಮ್ಮಣ್ಣನಿಗೇ ಇಲ್ಲ."

"ಸರ್, ನಾಟಿ ಅಂತ ಯಾರು ಹೇಳಿದ್ರು ನಿಮಗೆ?"

"ಯಾರೂ ಹೇಳಲಿಲ್ಲ," ಎಂದ ಶಶಾಂಕ. "ನಾನೇ ಅಂದುಕೊಂಡೆ."

"ನಾನೊಂದು ಕೇಳಲಾ ಸರ್?" ಎಂದ ಸಾಯಿಕಿರಣ್, ಕ್ಯಾಮೆರಾ ಹಿಂದಿನಿಂದ. "ಅಷ್ಟು ದಿನ ಎಣಿಸಿದ್ರಿ, ಒಬ್ಬರನ್ನಾದರೂ ಮಾತಾಡಿಸಲಿಲ್ವಾ?"

ಬೆಲ್ ಹೊಡೆಯಿತು. ಯಾರೂ ಎದ್ದು ಹೋಗಲಿಲ್ಲ.

ದಕ್ಷಿಣಾಮೂರ್ತಿಯವರು ಎರಡನೇ ವಿಡಿಯೊ ನೋಡಿ ಕನ್ನಡಕ ತೆಗೆದು ಒರೆಸಿದರು. "ಅಯ್ಯ ಬಾಬೋಯ್. ಯಾವ ಪೇಪರ್ ನೋಡಿ ನಿಮ್ಮನ್ನ ಆರಿಸಿದಾರೋ ಆ ಪೇಪರೇ ತಪ್ಪು ಅಂತ ನಮ್ಮ ಹುಡುಗಿ ನಿಂತು ಹೇಳ್ತಿದಾಳೆ."

"ಕೂತು ಹೇಳಿದಳು ಸರ್."

"ಜೋಕು ಬೇಡಂಡೀ. ಮೊದಲನೇದು ಕಳಿಸಿ. ಡಿಸಿಪ್ಲಿನ್ ಇದೆ."

ಶುಕ್ರವಾರ ಬೆಳಗಿನ ರೈಲಿಗೆ ಶಶಾಂಕ ವಿಶಾಖಪಟ್ಟಣಕ್ಕೆ ಹೋದ. ಸಾಯಿಪ್ರಿಯಾಳ ಮಾತನ್ನು ಕಣ್ಣಾರೆ ನೋಡದೆ ಯಾವುದನ್ನೂ ಕಳಿಸುವಂತಿರಲಿಲ್ಲ. ಶನಿವಾರ ಬೆಳಿಗ್ಗೆ ಆರು ಗಂಟೆಗೆ ಅವನು ಆ ಮುಂದಿನ ಸ್ಟಾಪಿನಲ್ಲಿದ್ದ. ನೋಟ್‌ಬುಕ್ ತಂದಿರಲಿಲ್ಲ. ಮಗಳು ಫೋನಿನಲ್ಲಿ ಹೇಳಿಟ್ಟಿದ್ದರಿಂದ ಸಾಯಿಪ್ರಿಯಾಳ ತಾಯಿ ಸೀತಾಮಹಾಲಕ್ಷ್ಮಿ ಬುತ್ತಿಚೀಲ ಹಿಡಿದು ಅವನನ್ನೇ ಹುಡುಕಿಕೊಂಡು ಬಂದಳು. ಜೊತೆಗೆ ಆರೇಳು ಹೆಂಗಸರು.

"ಇವರೇ ಆ ಇನ್‌ಸ್ಪೆಕ್ಟರು," ಎಂದಳು ಉಳಿದವರಿಗೆ. ಅವರು ಅವನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು.

"ನನ್ನಿಂದ ಒಂದು ತಿಂಗಳು ನಡೆದಿರಂತೆ," ಎಂದ ಶಶಾಂಕ ತೆಲುಗಿನಲ್ಲಿ. "ತಪ್ಪಾಯಿತು ಅಮ್ಮಾ."

"ಒಂದು ಕಿಲೋಮೀಟರು. ಇವಳಿಗೆ ಮೊಣಕಾಲು ನೋವು, ದಾರಿಯುದ್ದಕ್ಕೂ ನಿಮಗೆ ಶಾಪ ಹಾಕ್ತಾ ನಡೆದಳು. ನಮಗೆ ಹೊತ್ತು ಹೋಗಿದ್ದೇ ತಿಳೀಲಿಲ್ಲ."

"ನೀವೆಲ್ಲ ನಾಟಿಗೆ ಹೋದಿರಿ ಅಂತ ಬರೆದೆ."

"ನಾಟಿಗಾ? ಗದ್ದೆ ಎಲ್ಲಿದೆ ಬಾಬೂ? ಗದ್ದೆ ಇದ್ದ ಜಾಗದಲ್ಲೇ ಕಂಪನಿ ಇರೋದು."

ಬಸ್ಸು ಬಂತು. ಅವರು ಹತ್ತಿದರು. ಶಶಾಂಕ ಎಣಿಸಲಿಲ್ಲ.

ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವನಿಗೆ ಎರಡೂ ವಿಡಿಯೊ ತೋರಿಸಿದ. ಮೊದಲನೆಯದನ್ನು ಅವರು ಮೂರು ನಿಮಿಷ ನೋಡಿದರು, ಎರಡನೆಯದನ್ನು ಒಲೆ ಸಣ್ಣ ಮಾಡಿ ಕೊನೆತನಕ ನೋಡಿದರು.

"ಮೊದಲನೇದ್ರಾಗ ನೀ ಚಂದ ಕಾಣ್ತಿ."

"ಎರಡನೇದ್ರಾಗ?"

"ಅದ್ರಾಗ ನೀ ಕಾಣೂದ ಇಲ್ಲ. ಬರೇ ಹುಡುಗ್ರ ಗದ್ದಲ. ಅವ್ರು ಏನ್ ಕೇಳಿದ್ರು ಅಂದಿ?"

"ಹುಡುಗ್ರು ಮಾತಾಡೂದು."

"ಮತ್ತ ನನ್ನ ಏನ್ ಕೇಳ್ತಿ? ಸರಿ ಅತ್ಲಾಗ, ಒಗ್ಗರಣಿ ಸೀದು ಹೊಕ್ಕೈತಿ."

ಅದು ಅಷ್ಟು ಸುಲಭವಿರಲಿಲ್ಲ. ಎರಡನೆಯದನ್ನು ಕಳಿಸಿದರೆ, ಪ್ರಬಂಧದ ಮುಖ್ಯ ವಾದ ಬಿತ್ತು ಎಂದು ತಾನೇ ಸಾಕ್ಷಿ ಕಳಿಸಿದಂತೆ. ಉಳಿದಿಬ್ಬರ ಪ್ರಬಂಧಗಳಿಗೆ ಅಂಥ ಸಾಕ್ಷಿ ಇರಲಾರದು. ಮೊದಲನೆಯದನ್ನು ಕಳಿಸಿ ಗೆದ್ದರೆ, ತಪ್ಪೆಂದು ಗೊತ್ತಿರುವ ಪ್ರಬಂಧ ಹಿಡಿದು ಒಂದು ವರ್ಷ ಅಲ್ಲಿ ಪಾಠ ಮಾಡಬೇಕು. ಅಲ್ಲಿನ ಹುಡುಗರು ಗಜ್ಜರಿ ತಿನ್ನುತ್ತ ಪ್ರಶ್ನೆ ಕೇಳುತ್ತಾರೆ. ವಿಜಯವಾಡದಲ್ಲಿ ಇಪ್ಪತ್ತು ನಿಮಿಷ ನಗೆಪಾಟಲಾದದ್ದೇ ವಾಸಿ ಅನ್ನಿಸಿತು. ಭಾನುವಾರ ಮಧ್ಯಾಹ್ನ ಎರಡನೆಯದನ್ನು ಕಳಿಸಿದ. ಜೊತೆಗೆ ನಾಲ್ಕು ಸಾಲು ಬರೆದ: ಮೂರನೇ ಅಧ್ಯಾಯ ತಪ್ಪು, ಕಾರಣ ವಿಡಿಯೊದ ಹದಿನೆಂಟನೇ ನಿಮಿಷದಲ್ಲಿದೆ, ನಿನ್ನೆ ಹೋಗಿ ವಿಚಾರಿಸಿದ್ದೇನೆ, ಅವಳು ಹೇಳಿದ್ದು ನಿಜ.

ಹತ್ತು ದಿನಕ್ಕೆ ಸಂದರ್ಶನ. ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕೂತ. ದಕ್ಷಿಣಾಮೂರ್ತಿಯವರು ಹೊರಗೆ ಬಾಗಿಲು ಕಾದರು. ಪರದೆಯಲ್ಲಿ ಮೂವರು. ನಡುವೆ ಕೂತ ನರೆಗೂದಲಿನ ಹೆಂಗಸು, ವಿಡಿಯೊವನ್ನು ಎರಡು ಸಲ ನೋಡಿದೆವು ಎಂದಳು.

"ಆ ಹೆಂಗಸರನ್ನು ಈಗ ಮತ್ತೆ ಎಣಿಸಬೇಕಾದರೆ ಏನು ಮಾಡುತ್ತೀರಿ?"

"ಮೊದಲು ಟೀ ಕುಡಿಯುತ್ತೇನೆ. ಅವರ ಜೊತೆ. ನಾನು ಯಾರೆಂದು ಹೇಳುತ್ತೇನೆ. ಎಣಿಸುವುದನ್ನು ಅವರಿಗೇ ಬಿಡುತ್ತೇನೆ, ಅವರಿಗೆ ಲೆಕ್ಕ ಸರಿಯಾಗಿ ಗೊತ್ತಿದೆ."

"ಪ್ರಬಂಧದಲ್ಲಿ ಉಳಿಯುವುದೇನು?"

"ಬಸ್ಸು ಉಳಿಯುತ್ತದೆ. ಹೆಸರಿಲ್ಲದೆ ಆ ಬಸ್ಸು ಹತ್ತುವವರು ಸುಮಾರು ಅರ್ಧದಷ್ಟಿದ್ದಾರೆ ಎಂದು ಈಗ ಗೊತ್ತಾಗಿದೆ. ಮೊದಲು ಗೊತ್ತಿರಲಿಲ್ಲ."

ಮಾರ್ಚ್ ಕೊನೆಗೆ ಪತ್ರ ಬಂತು. ಸೆಪ್ಟೆಂಬರಿನಿಂದ ಒಂದು ವರ್ಷ. ಅದಕ್ಕೆ ಮೊದಲು ತಿದ್ದಿದ ಪ್ರಬಂಧ ತಲುಪಬೇಕು. ದಕ್ಷಿಣಾಮೂರ್ತಿಯವರು ಇಡೀ ವಿಭಾಗಕ್ಕೆ ಬಿಸಿ ಪುನುಗುಲು ಬೋಂಡಾ ತರಿಸಿ, ಎರಡನೇ ವಿಡಿಯೊ ಕಳಿಸಲು ಹೇಳಿದ್ದು ತಾವೇ ಎಂದು ಎಲ್ಲರ ಹತ್ತಿರ ಹೇಳಿದರು. ಸಾಯಿಪ್ರಿಯಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು.

"ಕಂಗ್ರಾಟ್ಸ್ ಸರ್. ಅಮ್ಮ ಕೇಳಿದ್ರು, ಅಲ್ಲಿ ಹೋಗಿ ಯಾರನ್ನ ಎಣಿಸ್ತೀರಿ ಅಂತ."

"ಇನ್ನೂ ಗೊತ್ತಿಲ್ಲ ಅಂತ ಹೇಳು."

"ಗೊತ್ತಾದ ಮೇಲೆ ಮೊದಲು ನಮಗೆ ಕಳಿಸಿ ಸರ್, ನೋಡಿ ಹೇಳ್ತೀವಿ," ಎಂದು ಪುನುಗುಲು ತೆಗೆದುಕೊಂಡು ಹೋದಳು.

ಆ ಶನಿವಾರ ಶಶಾಂಕ ಪ್ರಬಂಧ ತೆರೆದು ಮೂರನೇ ಅಧ್ಯಾಯದಿಂದ ಕತ್ತರಿಸಲು ಶುರುಮಾಡಿದ. ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಯಿತು. ಹೋದದ್ದು ಹನ್ನೊಂದು ಪುಟ, ಮೂರು ಕೋಷ್ಟಕ, ಒಂದು ಗ್ರಾಫ್, ಇಪ್ಪತ್ತಾರು ಅಡಿಟಿಪ್ಪಣಿ.