ಟಗರುಗಳನ್ನು ಕೇಳಿದ ಮೇಲೆ

ದೇವಸಮುದ್ರದ ಬೇವಿನಮರದ ಕಟ್ಟೆಯಲ್ಲಿ ಕೂತಿದ್ದ ಹನ್ನೆರಡು ಜನರೂ ಒಂದೇ ಅಂಕ ಕೊಟ್ಟಿದ್ದರು: ಒಂದು. ಕುರಿ ಕಾಯುವ ಬೋರಣ್ಣನೂ ಅದನ್ನೇ ಹೇಳಿದ್ದ.

ಊರಿನ ಯರ್ರಮ್ಮನ ಮೊಮ್ಮಗಳು ರಶ್ಮಿತಾ ಚಿತ್ರದುರ್ಗದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಶಬ್ದಕ್ಕಿಂತ ವೇಗವಾಗಿ ಹಾರುವ ಪ್ರಯಾಣಿಕರ ವಿಮಾನ ತಲೆಯ ಮೇಲೆ ಹೋದರೆ ಕೆಳಗಿದ್ದವರಿಗೆ ಎಷ್ಟು ತೊಂದರೆ, ಕೇಳಿಕೊಂಡು ಬಾ ಎಂದು ಮೇಷ್ಟ್ರು ಕಳಿಸಿದ್ದರು. ತೊಂದರೆಯೇ ಇಲ್ಲ ಅಂದರೆ ಒಂದು, ತಡೆಯಲಾಗದು ಅಂದರೆ ಹತ್ತು. ರಾಂಪುರದ ಮೆಕ್ಯಾನಿಕ್ ಬಾಬು ಸಾಬ್ ತನ್ನ ಲಗೇಜ್ ಆಟೋದಲ್ಲಿ ಎರಡು ದೊಡ್ಡ ಸ್ಪೀಕರ್ ತಂದಿದ್ದ. ವಿಮಾನದ ಸದ್ದು ಅದರಲ್ಲಿ ಧಡ್ ಧಡ್ ಎಂದಾಗ ಬೋರಣ್ಣನ ಎದೆ ಝಲ್ಲೆಂದು ಚಹಾ ಪಂಚೆಯ ಮೇಲೆ ಚೆಲ್ಲಿತು. ಆದರೂ ಒಂದು ಅಂದ. ಯರ್ರಮ್ಮ ಕೊಟ್ಟ ಮಂಡಕ್ಕಿ ತಿನ್ನುತ್ತಾ, ಅವಳ ಮೊಮ್ಮಗಳು ತಂದದ್ದನ್ನು ಚೆನ್ನಾಗಿಲ್ಲ ಅನ್ನುವುದು ಹೇಗೆ? ನೆಂಟರ ಮನೆಯ ಸಾರಿಗೆ ಉಪ್ಪು ಹೆಚ್ಚಾದರೂ ಈ ಕಡೆ ಯಾರೂ ಬಾಯಿಬಿಡುವುದಿಲ್ಲ.

“ಎಲ್ಲರೂ ಒಂದೇ ಅಂದ್ರೆ ಮನೇಲಿ ಕೂತು ನಾನೇ ಬರ್ಕೊಂಡಿದೀನಿ ಅಂತಾರೆ ತಾತ. ನಾಳೆ ಒಪ್ಪಿಸ್ಬೇಕು,” ಎಂದಳು ರಶ್ಮಿತಾ.  ಬೋರಣ್ಣ ಕೈಯಲ್ಲಿದ್ದ ಮಂಡಕ್ಕಿಯನ್ನು ಕೆಳಗಿಟ್ಟ.

“ಈ ವಿಮಾನ ಎಲ್ಲಿ ಓಡ್ತೈತಮ್ಮ?” ಎಂದ ಬಾಬು ಸಾಬ್.

“ಈಗ ಎಲ್ಲೂ ಇಲ್ಲ ಮಾಮ. ಹಿಂದೆ ಹೊರದೇಶದಲ್ಲಿತ್ತು. ಬರೀ ನೂರು ಸೀಟು, ಎಣ್ಣೆ ಮಾತ್ರ ಸಿಕ್ಕಾಪಟ್ಟೆ ಕುಡೀತಿತ್ತು. ಗಾಳಿ ಹೊಡೆತಕ್ಕೆ ಮೈಯೆಲ್ಲ ಕಾಯ್ತಿತ್ತು. ಈ ಸದ್ದಿಗೆ ಊರುಗಳ ಮೇಲೆ ಆ ವೇಗದಲ್ಲಿ ಬಿಡ್ತಿರ್ಲಿಲ್ಲ, ಸಮುದ್ರದ ಮೇಲೆ ಮಾತ್ರ.”

“ಬಳ್ಳಾರಿ ಬಸ್ಸಿಗೆ ಊರಿರೋ ಕಡೆಯೆಲ್ಲ ಎರಡನೇ ಗೇರಲ್ಲಿ ಹೋಗು ಅಂದಂಗಾತು. ಡೀಸೆಲ್ ಜಾಸ್ತಿ, ಸೀಟು ಕಮ್ಮಿ. ಯಾವ ಮಾಲೀಕ ಇಟ್ಕಂತಾನೆ?”

“ಅದಕ್ಕೇ ನಿಲ್ಸಿದ್ರು. ಈಗ ಸದ್ದು ಕಮ್ಮಿ ಮಾಡಿ ಮತ್ತೆ ತರೋಕೆ ನೋಡ್ತಾವ್ರೆ.”

“ಲೇ ಸಾಬ್, ನಿನ್ನ ಆಟೋ ಬಂದ್ರೆ ಚಳ್ಳಕೆರೆಗೇ ಕೇಳ್ತೈತೆ. ಅದಕ್ಕೆಷ್ಟು ಅಂಕ?” ಎಂದು ಕಟ್ಟೆಯಲ್ಲಿದ್ದ ಪಾತಣ್ಣ ಕೆಣಕಿದ.

ಬೋರಣ್ಣ ಕೋಲೂರಿ ಎದ್ದ. “ನಮ್ಮನ್ನ ಬಿಡವ್ವ. ನನ್ನ ಟಗರುಗಳನ್ನ ಕೇಳು. ಅವು ನಿಮ್ಮಜ್ಜಿ ಮಂಡಕ್ಕಿ ತಿಂದಿಲ್ಲ.”

ಮೊದಲ ಸದ್ದಿನ ಹೊತ್ತಿಗೆ ದೂರದಲ್ಲಿ ಮೇಯುತ್ತಿದ್ದ ಮಂದೆ ಈಗ ಮರದ ನೆರಳಿಗೆ ಬಂದಿತ್ತು. ಗಬ್ಬದ ಕುರಿಗಳು ಬೆದರಿದರೆ ಕಂದು ಹಾಕುತ್ತವೆ, ಹೊಟ್ಟೆಯ ಮರಿ ಉಳಿಯದು ಎಂದು ಅವನಿಗೆ ಗೊತ್ತು. ಹೆಣ್ಣು ಕುರಿಗಳನ್ನೆಲ್ಲ ಪಾತಣ್ಣನ ಕೈಲಿ ಕೆರೆ ಏರಿಯಾಚೆ ದೂರಕ್ಕೆ ಹೊಡೆಸಿದ. ನೆರಳಲ್ಲಿ ಮೆಲುಕು ಹಾಕುತ್ತಾ ಮಲಗಿದ್ದ ಎಂಟು ಟಗರು ಮಾತ್ರ ಉಳಿದವು. ಪಾತಣ್ಣ ವಾಪಸು ಬಂದ ಮೇಲೆ ಸ್ಪೀಕರ್ ಹಾಕಿದರು.

ಧಡ್ ಧಡ್!

ಎಂಟೂ ಒಟ್ಟಿಗೆ ನೆಗೆದವು. ಏಳು ಕಳ್ಳಿಬೇಲಿಯ ಕಡೆ ಓಡಿದವು. ಒಂದು ನೇರ ಆಟೋ ಹತ್ತಿ ವೈರಿನ ಸುರುಳಿಯೊಳಗೆ ಕಾಲು ಸಿಕ್ಕಿಸಿಕೊಂಡು ನಿಂತಿತು. “ಯಾ ಅಲ್ಲಾ, ಇಳ್ಸೋ ಬೋರಣ್ಣ!” ಎಂದು ಬಾಬು ಸಾಬ್ ಕೂಗಿದ. ಕಟ್ಟೆಗೆ ಕಟ್ಟೆಯೇ ಬಿದ್ದು ಬಿದ್ದು ನಕ್ಕಿತು.

ಆ ನಗೆಯಲ್ಲಿ ಬೋರಣ್ಣನ ನಾಲಿಗೆ ಸಡಿಲವಾಯಿತು. “ನಂದು ಒಂಬತ್ತು ಮಾಡ್ಕಳವ್ವ. ಆಗ್ಲೇ ಚಾ ಚೆಲ್ಕಂಡಿದ್ದೆ, ನಾಚ್ಕೆಗೆ ಹೇಳ್ಲಿಲ್ಲ.” ಆಮೇಲೆ ಒಬ್ಬೊಬ್ಬರ ಪಕ್ಕ ಕೂತು ತಾನೇ ಕೇಳತೊಡಗಿದ. ಹೇಗಿತ್ತು ಎಂದಲ್ಲ; ದಿನಾ ಹತ್ತು ಸಲ ಹಿಂಗೇ ಆದ್ರೆ ಇರ್ತೀಯಾ, ಎಂದು.

“ದಿನಾನಾ? ಹೆಂಡ್ತಿ ತೌರಿಗೆ ಹೋಗಿ ಬಿದ್ಕಂತೀನಿ. ಹತ್ತು ಬರಿ,” ಎಂದ ಪಾತಣ್ಣ. ಕಿವಿ ಮಂದವಾದ ದೊಡ್ಡೀರಪ್ಪ ನಾಲ್ಕು ಅಂದ. ಯರ್ರಮ್ಮ ಹನ್ನೊಂದು ಅಂದಳು. ಹತ್ತರ ಮೇಲಿಲ್ಲಜ್ಜಿ ಅಂದರೂ ಕೇಳಲಿಲ್ಲ.

ರಶ್ಮಿತಾ ಹಳೆಯ ಹಾಳೆಯನ್ನು ಹರಿಯಲಿಲ್ಲ. ಹೊಸದರ ಕೆಳಗೆ ಅದನ್ನೂ ಇಟ್ಟು ಪಿನ್ನು ಹೊಡೆದಳು. “ಎರಡನ್ನೂ ಕೊಡ್ತೀನಿ ತಾತ. ನಾನು ಕೇಳಿದ ರೀತಿ ಸರಿ ಇರ್ಲಿಲ್ಲ ಅಂತಾನೂ ಬರೀತೀನಿ.”

“ಹಂಗೇ ಬರಿ,” ಎಂದ ಬೋರಣ್ಣ. ಪಂಚೆ ಕೊಡವಿಕೊಂಡು, ಬೇಲಿ ಸಂದಿಯಲ್ಲಿ ಇನ್ನೂ ಕಿವಿ ನೆಟ್ಟಗೆ ಮಾಡಿಕೊಂಡಿದ್ದ ಟಗರುಗಳನ್ನು ಹೆಸರು ಹಿಡಿದು ಕರೆಯುತ್ತಾ ಹೊರಟ.