ಯೋಗನರಸಿಂಹ ಮೇಷ್ಟರ ಮೇಲ್ಮನೆ

ಹಳೇಬೀಡಿನ ಮಿಡ್ಲ್ ಸ್ಕೂಲಿನಲ್ಲಿ ನನ್ನ ಸಹೋದ್ಯೋಗಿಯಾಗಿದ್ದ ಯೋಗನರಸಿಂಹ ಮೇಷ್ಟರು ಬರೆದ ಕಾಗದವನ್ನು ಅದೇ ದಿನ ಅಂಚೆಗೆ ಹಾಕಿದ್ದನ್ನು ನಾನಂತೂ ಕಂಡಿಲ್ಲ. ಅವರ ಕಪ್ಪು ಕೋಟಿಗೆ ಒಳಗಡೆ ಎರಡು ಜೇಬು. ಕಾಗದವು ಮೊದಲ ದಿನ ಎಡಜೇಬಿನಲ್ಲಿ ವಿಶ್ರಮಿಸಿ, ಮರುದಿನ ಸಂಧ್ಯಾವಂದನೆಯ ತರುವಾಯ ಪುನಃ ಪಠಿತವಾಗಿ, ಒಂದೆರಡು ಮಾತು ಹೊಡೆದುಹಾಕಿಸಿಕೊಂಡು ಬಲಜೇಬಿಗೆ ಬಡ್ತಿ ಪಡೆದರೆ ಮಾತ್ರ ಅಂಚೆಪೆಟ್ಟಿಗೆಯ ದರ್ಶನ. ನಡಿಗೆಯೂ ಹಾಗೆಯೇ: ಹತ್ತು ಹೆಜ್ಜೆ ಹೋಗುವುದು, ನಿಲ್ಲುವುದು, ಬಂದ ದಾರಿಯನ್ನು ತಿರುಗಿ ನೋಡುವುದು. ಇವರ ಜೊತೆ ಅರಸೀಕೆರೆಗೆ ಹೊರಟು ಎಷ್ಟು ಬಸ್ಸು ತಪ್ಪಿಸಿಕೊಂಡೆನೋ ದೇವರಿಗೇ ಗೊತ್ತು!

“ನನ್ನ ನೋಡೋಕೂ ಎರಡು ಸಲ ಬಂದಿದ್ರು ಕಣ್ರೀ,” ಎಂದು ಅವರ ಮಡದಿ ವೇದವಲ್ಲಿ ನಗುತ್ತಿದ್ದರು. “ಮೊದಲನೇ ಸಲ ಅವರು ನನ್ನ ನೋಡಿದ್ರು. ಎರಡನೇ ಸಲ ನಾನು ಅವರನ್ನ ನೋಡಿದೆ.”

ಪೌರನೀತಿಯ ಪಾಠ ಅವರದು. ವಿಧಾನಸಭೆಯೊಂದು ಇರುವಾಗ ಮೇಲೊಂದು ಪರಿಷತ್ತು ಯಾತಕ್ಕೆ ಎಂದು ಯಾರಾದರೂ ಬಾಯಿತಪ್ಪಿ ಅಂದರೆ ಕನ್ನಡಕ ತೆಗೆದು, ಪಂಚೆಯ ಅಂಚಿನಿಂದ ಸಾವಕಾಶವಾಗಿ ಒರೆಸಿ, ಮತ್ತೆ ಏರಿಸಿಕೊಂಡು, “ತಡೆಯೋ ಅಧಿಕಾರ ಅದಕ್ಕಿಲ್ಲ ಸ್ವಾಮಿ, ಇನ್ನೊಂದು ಸಲ ನೋಡಿ ಅನ್ನೋ ಅಧಿಕಾರ ಇದೆ, ಅಷ್ಟು ಸಾಕು,” ಎನ್ನುವರು. ಊರ ಪಂಚಾಯಿತಿಗೂ ಅವರೊಂದು ಮೇಲ್ಮನೆ ಕಟ್ಟಿದ್ದರು. ಗುಮಾಸ್ತರ ಬರಹ ಯಾರಿಗೂ ತಿಳಿಯದ್ದರಿಂದ ನಿರ್ಣಯಗಳ ಶುದ್ಧಪ್ರತಿ ಮಾಡುವ ಕೆಲಸ ಮೇಷ್ಟರ ಪಾಲಿಗೆ ಬಂದಿತ್ತು. ಅವರು ಕೂಟದ ಮರುದಿನ ಸಂಜೆ ತಮ್ಮ ಜಗಲಿಯ ಮೇಲೆ, ಹೋಗಿಬರುವವರೆಲ್ಲ ಕೇಳುವಂತೆ ಅದನ್ನು ಗಟ್ಟಿಯಾಗಿ ಓದಿದ ಹೊರತು ಲೇಖನಿ ಮುಟ್ಟುತ್ತಿರಲಿಲ್ಲ; ಶುದ್ಧಪ್ರತಿಯಾಗದೆ ಯಾವ ನಿರ್ಣಯವೂ ಜಾರಿಗೆ ಬರುತ್ತಿರಲಿಲ್ಲ.

ಅರವತ್ತೊಂದರ ಬೇಸಿಗೆಯಲ್ಲಿ ಪಂಚಾಯಿತಿಯವರು ನಮ್ಮ ಶಾಲೆಗೇ ಒಂದು ಹೊಸ ಕೋಣೆ ಮಂಜೂರು ಮಾಡಿ, ಬಸ್ತಿಹಳ್ಳಿಯ ದಾರಿಯಲ್ಲಿ ಅರ್ಧ ಹೂತು ಸಾಲಾಗಿ ಬಿದ್ದಿದ್ದ ಹಳೆಯ ಚಪ್ಪಡಿಗಳನ್ನು ಎತ್ತಿಸಿ ತಳಪಾಯಕ್ಕೆ ಹಾಕುವುದೆಂದು ನಿರ್ಣಯಿಸಿದರು. ಹಳೇಬೀಡಿನಲ್ಲಿ ಕಲ್ಲಿಗೇನು ಬರ! ಒಂದೇ ಕೂಟದಲ್ಲಿ ಎಲ್ಲರ ಕೈಯೂ ಮೇಲೆದ್ದಿತು. ಹುಣಿಸೇಮರದಡಿ ಪಾಠ ಹೇಳಿ ಗಂಟಲು ಕೆಟ್ಟಿದ್ದ ನನಗೂ ಅಂದು ಹಬ್ಬ. ಆದರೆ ಮೇಷ್ಟರು ಬಿಡಬೇಕಲ್ಲ!

“ನಿಮ್ಮ ಸ್ಕೂಲಿಗೇ ಕಲ್ಲು ಕೊಡ್ತೀವಿ ಅಂದ್ರೂ ಜಗಲೀಲಿ ಓದ್ಬೇಕಾ?” ಎಂದು ಅಧ್ಯಕ್ಷ ಕಲ್ಲೇಶಪ್ಪ ರೇಗಿದ. “ಇಪ್ಪತ್ತು ಸಲ ಓದಿದ್ರೂ ಕಲ್ಲು ಕಲ್ಲೇ ಕಣ್ರೀ.”

“ನಾಳೆ ಸಂಜೆವರೆಗೆ ಹಾರೆ ಹಾಕಿಸಬೇಡಿ. ಏನೂ ಸಿಗದಿದ್ರೆ ನನ್ನ ಮೇಲ್ಮನೆ ಮುಚ್ಚಿಬಿಡ್ತೀನಿ.”

ನನಗೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಮರುದಿನ ಅವರು ಓದುತ್ತಿದ್ದಾಗ ಕಲ್ಲೇಶಪ್ಪ ಎದುರಿಗೇ ಕಾಲಾಡಿಸುತ್ತ ಕೂತಿದ್ದ. “ಸುಮ್ಮನೆ ಬಿದ್ದಿರುವ ಚಪ್ಪಡಿಗಳು” ಎಂಬಲ್ಲಿಗೆ ಬರುವಷ್ಟರಲ್ಲಿ, ಮೊಸರು ಕೊಟ್ಟು ಹಿಂತಿರುಗುತ್ತಿದ್ದ ಬಸ್ತಿಹಳ್ಳಿಯ ಭಾಗಮ್ಮ ಬೀದಿಯಲ್ಲೇ ನಿಂತುಬಿಟ್ಟಳು.

“ಅಯ್ಯೋ ನಿಮ್ಮ! ಸುಮ್ಕೆ ಬಿದ್ದೈತೆ ಅಂದೋರ್ಯಾರು? ಅದರಡೀಲಿ ಕಾಲುವೆ ಐತೆ. ಕೆರೆ ನೀರು ನಮ್ಮ ಕೇರಿ ಬಾವಿಗೆ ಬರೋದೇ ಅದ್ರಾಗೆ. ಬನ್ನಿ, ಕಿವಿ ಇಟ್ಟು ಕೇಳಿ.”

ಎಲ್ಲರೂ ಹೋದೆವು. ಒಂದು ದಿನವೂ ನೀರು ಸೇದದ ಪಂಚಾಯಿತಿಯ ಗಂಡಸರು ಒಬ್ಬೊಬ್ಬರಾಗಿ ಮಂಡಿಯೂರಿದರು. ಕಲ್ಲೇಶಪ್ಪ ರುಮಾಲು ತೆಗೆದು ಚಪ್ಪಡಿಗೆ ಕಿವಿಯಿಟ್ಟು ಬಹಳ ಹೊತ್ತು ಏಳಲಿಲ್ಲ. ನಾನೂ ಕೇಳಿದೆ, ಕೆಳಗೆ ನೀರು ಸಣ್ಣಗೆ ಗುಳುಗುಳು ಎನ್ನುತ್ತ ಹೋಗುತ್ತಿತ್ತು.

“ಒಂದು ಕೇರಿ ಬಾಯಿಗೇ ಮಣ್ಣು ಹಾಕ್ತಿದ್ನಲ್ಲಪ್ಪಾ!” ಎಂದು ಅವನು ಮೇಲೆದ್ದ. “ವಾಪಸ್ ಕಳಿಸಿ ಮೇಷ್ಟ್ರೇ, ನಿಮ್ಮ ಮೇಲ್ಮನೆಯಿಂದ ನಿರ್ಣಯ ವಾಪಸ್ ಕಳಿಸಿ!”

ಕೇರಿಯ ಹೆಂಗಸರು ಹೋ ಎಂದು ನಕ್ಕರು; ಮೇಷ್ಟರೂ ಕೋಟು ಕುಲುಕುವಂತೆ ನಕ್ಕರು. ಎರಡನೆಯ ಕೂಟದಲ್ಲಿ ಎತ್ತಿದ ಕೈಗಳೆಲ್ಲ ಚಪ್ಪಡಿ ಎತ್ತಿಸುವ ನಿರ್ಣಯವನ್ನು ರದ್ದು ಮಾಡಿದವು. ಕಲ್ಲು ಗುಡ್ಡದಿಂದ ಗಾಡಿಯಲ್ಲಿ ಬಂದಿತು, ದೀಪಾವಳಿಯ ಹೊತ್ತಿಗೆ ಕೋಣೆಯೂ ಎದ್ದಿತು. ಅದರ ಪ್ರವೇಶದ ದಿನ ಮೊದಲ ಕೊಡ ನೀರು ತಂದಿಟ್ಟವಳು ಭಾಗಮ್ಮ. ಮೇಷ್ಟರ ಜಗಲಿಯಲ್ಲಿ ಅವಳಿಗೊಂದು ಚಾಪೆ ಖಾಯಂ ಆಯಿತು.

ಇಂಥವರ ಸಂಗಡ ಬಾಳುವುದು ತಾಳ್ಮೆಯ ಕೆಲಸ. ಆದರೆ ನಾವು ಉತ್ಸಾಹದಿಂದ ಕೈಯೆತ್ತುವ ಗಳಿಗೆಯಲ್ಲಿ ಅಲ್ಲಿಲ್ಲದ ಒಬ್ಬರು ಎಲ್ಲೋ ಇದ್ದೇ ಇರುತ್ತಾರೆ. ಅವರು ಬಂದು ಮಾತಾಡುವವರೆಗೆ ಒಂದು ಬಾಗಿಲನ್ನು ತೆರೆದಿಟ್ಟು ಕಾಯುವ ಜನ ಇವರು. ಮೇಷ್ಟರಿಂದಾಗಿ ನನಗೆ ಎಷ್ಟೋ ಬಸ್ಸು ತಪ್ಪಿದವು, ನಿಜ; ಬಸ್ತಿಹಳ್ಳಿಗೆ ನೀರು ತಪ್ಪಲಿಲ್ಲ.